ಕಾಮಾಕ್ಷಿಪಾಳ್ಯದ ಹೀಟರ್, ಕಡಲಿನ ಚುಕ್ಕಾಣಿ

ಬೆಂಗಳೂರಿನ ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಗಲ್ಲಿಗಳಿಗೆ ಇಳಿದರೆ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡುಗಳು ಸಿಗುತ್ತವೆ. ಅಲ್ಲಿನ ಮೆಷಿನ್ನುಗಳ ಪ್ಯಾನೆಲ್ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ ಕೂತಿರುತ್ತದೆ. ಅದರ ಮೇಲೆ ಎರಡು ಸಾಲು ಅಂಕಿ: ಪ್ಲಾಸ್ಟಿಕ್ ಕರಗಿಸುವ ಬ್ಯಾರಲ್ ಈಗ ಎಷ್ಟು ಬಿಸಿಯಾಗಿದೆ, ಎಷ್ಟು ಬಿಸಿಯಿರಬೇಕು. ಇದೇ ಟೆಂಪರೇಚರ್ ಕಂಟ್ರೋಲರ್. ಅದರ ಗುಂಡಿಗಳನ್ನು ಒತ್ತುತ್ತ ಹೋದರೆ ಒಳಗೆಲ್ಲೋ ಪಿ, ಐ, ಡಿ ಎಂಬ ಮೂರು ಅಕ್ಷರಗಳು ಬರುತ್ತವೆ. ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಪರೀಕ್ಷೆಗೆಂದು ಇವನ್ನೇ ಉರುಹೊಡೆಯುತ್ತಾರೆ. ಮಂಗಳೂರಿನ ಕಡಲು ಇಲ್ಲಿಂದ ರಸ್ತೆಯಲ್ಲಿ ಸುಮಾರು 350 ಕಿ.ಮೀ. ದೂರ. ಆದರೆ ಈ ಮೂರಕ್ಷರದ ಲೆಕ್ಕವನ್ನು ಮೊದಲ ಬಾರಿಗೆ ಶಾಸ್ತ್ರಬದ್ಧವಾಗಿ ಬರೆದಿಟ್ಟದ್ದು ಹೀಟರಿಗಾಗಿ ಅಲ್ಲ, ಹಡಗಿಗಾಗಿ.

ಬರೆದವನು ನಿಕೊಲಸ್ ಮಿನೋರ್ಸ್ಕಿ, ರಷ್ಯಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಎಂಜಿನಿಯರು. ಹಡಗು ದಾರಿ ಬಿಟ್ಟಾಗ ಪಳಗಿದ ಚುಕ್ಕಾಣಿಗಾರ ಏನು ಮಾಡುತ್ತಾನೆ ಎಂಬುದನ್ನು ಆತ ಗಮನಿಸಿದ. ಎಷ್ಟು ಡಿಗ್ರಿ ತಪ್ಪಿದೆ ಎಂದಷ್ಟೇ ಅವನು ನೋಡುವುದಿಲ್ಲ. ತಪ್ಪು ಎಷ್ಟು ಬೇಗ ಬೆಳೆಯುತ್ತಿದೆ, ಎಷ್ಟು ಹೊತ್ತಿನಿಂದ ಉಳಿದುಕೊಂಡಿದೆ ಎಂಬುದೂ ಅವನ ಕೈಗೆ ಗೊತ್ತಿರುತ್ತದೆ. ಈ ಕೈಚಳಕವನ್ನು ಮಿನೋರ್ಸ್ಕಿ 1922ರ ಪ್ರಬಂಧದಲ್ಲಿ ಗಣಿತಕ್ಕೆ ಇಳಿಸಿದ. ಮರುವರ್ಷ ಅಮೆರಿಕದ ಯುದ್ಧನೌಕೆ ನ್ಯೂ ಮೆಕ್ಸಿಕೋ ಮೇಲೆ ಪರೀಕ್ಷೆ ನಡೆಯಿತು. ತಪ್ಪು ಬೆಳೆಯುವ ವೇಗವನ್ನು ಗಮನಿಸುವ ಡಿ ಅಂಶವಿಲ್ಲದೆ ಹಡಗು ಎರಡು ಡಿಗ್ರಿ ಅತ್ತಿತ್ತ ಹೊಯ್ದಾಡುತ್ತಿತ್ತು. ಅದನ್ನು ಸೇರಿಸಿದಾಗ ಹೊಯ್ದಾಟ ಡಿಗ್ರಿಯ ಆರನೇ ಒಂದು ಭಾಗಕ್ಕೆ ಇಳಿಯಿತು. ಹೆಚ್ಚಿನ ಚುಕ್ಕಾಣಿಗಾರರ ಕೈಗೆ ಇದು ಸಾಧ್ಯವಿರಲಿಲ್ಲ. ಆದರೂ ನೌಕಾಪಡೆ ಅದನ್ನು ಅಳವಡಿಸಿಕೊಳ್ಳಲಿಲ್ಲ, ಹಡಗಿನ ಸಿಬ್ಬಂದಿಗೇ ಅದು ಬೇಡವಾಗಿತ್ತು. ಕಾರಣ ಊಹಿಸುವುದು ಕಷ್ಟವೇನಲ್ಲ.

ಮೂರಂಶಗಳಲ್ಲಿ ಮೊದಲನೆಯ ಪಿ ಸರಳ. ಹತ್ತು ಡಿಗ್ರಿ ತಪ್ಪಿದರೆ ಚುಕ್ಕಾಣಿಯನ್ನು ಐದು ಡಿಗ್ರಿ ತಿರುಗಿಸು, ಇಪ್ಪತ್ತು ತಪ್ಪಿದರೆ ಹತ್ತು. ಸಾಲದೇ? ಸಾಲದು. ದೋಣಿಗೆ ತೂಕವಿದೆ, ತಿರುಗಲು ತೊಡಗಿದ ಮೇಲೆ ತಿರುಗುತ್ತಲೇ ಇರುತ್ತದೆ. ಮೂತಿ ಸರಿಯಾದ ದಿಕ್ಕಿಗೆ ಬಂದು ಚುಕ್ಕಾಣಿ ನೆಟ್ಟಗಾದರೂ ಅದು ಆಚೆಗೆ ದಾಟಿಬಿಡುತ್ತದೆ. ಮೋಲ್ಡಿಂಗ್ ಶೆಡ್ಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಟರಿಗೆ ಕರೆಂಟು ನಿಂತ ಮೇಲೂ ಉಕ್ಕಿನ ಬ್ಯಾರಲ್ ಸ್ವಲ್ಪ ಹೊತ್ತು ಬಿಸಿಯೇರುತ್ತಲೇ ಇರುತ್ತದೆ, ಅದಕ್ಕೆ ಅವರು ಓವರ್‌ಶೂಟ್ ಅನ್ನುತ್ತಾರೆ. ಡಿ ಇದಕ್ಕೆ ಮದ್ದು. ಮೂತಿ ಬೇಗ ತಿರುಗುತ್ತಿದೆ ಎಂದು ಕಂಡೊಡನೆ, ಗುರಿ ಮುಟ್ಟುವ ಮೊದಲೇ, ಚುಕ್ಕಾಣಿಯನ್ನು ಎದುರು ಬದಿಗೆ ಕೊಂಚ ಎಳೆಯುತ್ತದೆ. ಐ ನಿಧಾನದ ಆಸಾಮಿ. ಪಕ್ಕದ ಗಾಳಿ ಹಾಯಿಯನ್ನು ಒಂದೇ ಸಮನೆ ದೂಡುತ್ತಿದ್ದರೆ ದೋಣಿ ಸದಾ ಎರಡು ಮೂರು ಡಿಗ್ರಿ ಆಚೆಗೇ ಉಳಿದುಬಿಡುತ್ತದೆ. ಈ ಉಳಿಕೆಯನ್ನು ಕೂಡಿಸುತ್ತ ಹೋಗಿ, ಚುಕ್ಕಾಣಿಯನ್ನು ಅಷ್ಟರಮಟ್ಟಿಗೆ ಓರೆಯಾಗಿಯೇ ಹಿಡಿದಿಡುವುದು ಐ ಕೆಲಸ.

ಇನ್ನು ಹೊಂದಿಸುವ ಮಾತು. ಈ ಲೆಕ್ಕದಂತೆ ಚುಕ್ಕಾಣಿಯನ್ನು ತಾನಾಗಿ ತಿರುಗಿಸುವ ಯಂತ್ರವೇ ಆಟೊಪೈಲಟ್. ದೋಣಿಯಲ್ಲಿ ಹೊಸದಾಗಿ ಕೂರಿಸಿದಾಗ ಅದನ್ನು ಮೊದಲು ದಡದಲ್ಲೇ ಪರೀಕ್ಷಿಸುತ್ತಾರೆ. ಚುಕ್ಕಾಣಿಯ ನಡುಬಿಂದು ಎಲ್ಲಿ, ಎಡಬಲಕ್ಕೆ ಎಷ್ಟು ದೂರ ಹೋಗಬಹುದು, ಎಡಕ್ಕೆ ಅಂದರೆ ಎಡಕ್ಕೇ ತಿರುಗುತ್ತದೆಯೇ ಎಂದು ನೋಡುತ್ತಾರೆ. ಮೋಟರಿನ ತಂತಿ ಅದಲುಬದಲಾಗಿದ್ದರೆ ಯಂತ್ರ ತಪ್ಪನ್ನು ತಿದ್ದುವ ಬದಲು ಬೆಳೆಸುತ್ತದೆ. ಆಮೇಲೆ ಶಾಂತ ನೀರಿನಲ್ಲಿ ದೋಣಿಯನ್ನು ನಿಧಾನವಾಗಿ ಪೂರ್ತಿ ಸುತ್ತು ಹಾಕಿಸಬೇಕು. ಎಂಜಿನ್ನಿನ ಕಬ್ಬಿಣ, ಸ್ಪೀಕರಿನ ಅಯಸ್ಕಾಂತ ಎಲ್ಲವೂ ದಿಕ್ಸೂಚಿಯನ್ನು ಎಳೆಯುತ್ತವೆ. ಯಾವ ದಿಕ್ಕಿನಲ್ಲಿ ಎಷ್ಟು ಎಳೆಯುತ್ತವೆ ಎಂಬುದನ್ನು ಯಂತ್ರ ಆ ಸುತ್ತಿನಲ್ಲಿ ಕಲಿತು ಲೆಕ್ಕದಿಂದ ಕಳೆಯುತ್ತದೆ.

ಬಳಿಕ ಮಾಮೂಲಿ ವೇಗದಲ್ಲಿ ಹೋಗುತ್ತ 40 ಡಿಗ್ರಿಯಷ್ಟು ತಿರುಗಿಸಿ ನೋಡುವುದು. ಚುರುಕಾಗಿ ತಿರುಗಿ, ಗುರಿಯನ್ನು ತುಸುವೇ ದಾಟಿ ನೆಲೆಗೊಂಡರೆ ಸರಿ. ಹೊಸ ದಿಕ್ಕಿಗೆ ಸೋಮಾರಿಯಾಗಿ ಬಂದರೆ ಪಿ ಕಡಿಮೆಯಾಗಿದೆ. ಪಿ ಹೆಚ್ಚಾದರೆ ಹಿಂದೆ ನೀರಿನಲ್ಲಿ ಹಾವು ಹರಿದ ಜಾಡು ಮೂಡುತ್ತದೆ, ಮೋಟರು ಬಿಡುವಿಲ್ಲದೆ ಗುರುಗುಟ್ಟಿ ಬ್ಯಾಟರಿ ಖಾಲಿ ಮಾಡುತ್ತದೆ. ವೇಗ ಎರಡು ಪಟ್ಟಾದರೆ ಚುಕ್ಕಾಣಿಯ ಮೇಲೆ ನೀರಿನ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ನಿಧಾನದಲ್ಲಿ ಹೊಂದಿಸಿದ್ದು ಓಟದಲ್ಲಿ ಅತಿಯಾಗುವುದು ಹೀಗೆ.

ಕಂಟ್ರೋಲರಿನಲ್ಲಿ ತಾನೇ ಹೊಂದಿಸಿಕೊಳ್ಳುವ ಆಟೊಟ್ಯೂನ್ ಇದೆಯಲ್ಲ, ಒಮ್ಮೆ ಒತ್ತಿದರೆ ಮುಗಿಯಿತು ಎಂದು ಶೆಡ್ಡಿನವರು ಕೇಳಬಹುದು. ದೋಣಿಯಲ್ಲೂ ಅದು ಇದೆ. ಆದರೆ ಬ್ಯಾರಲ್ ನಾಳೆಯೂ ಅದೇ ಬ್ಯಾರಲ್. ಕಡಲು ಮಧ್ಯಾಹ್ನದ ಹೊತ್ತಿಗೇ ಬೇರೆ. ಅಲೆ ಎದ್ದಾಗ ಪ್ರತಿ ಅಲೆಗೂ ಮೂತಿ ಆಚೆ ಹೋಗಿ ತಾನಾಗಿಯೇ ಈಚೆ ಬರುತ್ತದೆ. ಅದನ್ನೆಲ್ಲ ತಿದ್ದಹೊರಟ ಯಂತ್ರ ಸುಸ್ತಾಗುತ್ತದೆಯೇ ವಿನಾ ದಾರಿ ನೆಟ್ಟಗಾಗುವುದಿಲ್ಲ. ಆದ್ದರಿಂದ ಇಷ್ಟು ಡಿಗ್ರಿಯೊಳಗಿನ ತಪ್ಪಿಗೆ ಕೈ ಹಾಕಬೇಡ ಎಂದು ಹೇಳುವ ಒಂದು ಸೆಟ್ಟಿಂಗ್ ಇರುತ್ತದೆ. ನನ್ನ ಮಟ್ಟಿಗೆ ಇಡೀ ಯಂತ್ರದ ಜಾಣತನ ಇಲ್ಲಿದೆ: ಯಾವುದನ್ನು ತಿದ್ದಬೇಕು ಎನ್ನುವುದಕ್ಕಿಂತ ಯಾವುದನ್ನು ಬಿಡಬೇಕು ಎಂಬುದು. ಹಿಂದಿನಿಂದ ಬರುವ ದೊಡ್ಡ ಅಲೆಗೆ ಮಾತ್ರ ಈ ಉದಾಸೀನ ಸಲ್ಲದು. ಅದು ದೋಣಿಯ ಹಿಂಭಾಗವನ್ನು ಎತ್ತಿ ಅಡ್ಡ ತಿರುಗಿಸಿ ಮಗುಚಲೂಬಹುದು. ಬೆನ್ನಿನ ಹಿಂದೆ ಏಳುವ ಅಲೆಯನ್ನು ಒಳ್ಳೆಯ ನಾವಿಕ ಮೊದಲೇ ಕಾಣುತ್ತಾನೆ, ಯಂತ್ರಕ್ಕೆ ಗೊತ್ತಾಗುವುದು ಮೂತಿ ಅಲುಗಿದ ಮೇಲೆ. ಹಾಯಿದೋಣಿಯವರ ಇನ್ನೊಂದು ವಿವೇಕ: ದೋಣಿ ಒಂದೇ ಕಡೆ ಎಳೆಯುತ್ತಿದ್ದರೆ ಸೆಟ್ಟಿಂಗ್ ಕೆದಕುವ ಮೊದಲು ಹಾಯಿಯನ್ನು ಸಡಿಲಿಸಿ ನೋಡು.

ಕರೆಂಟೇ ಬೇಡದ ಆಟೊಪೈಲಟ್ಟೂ ಉಂಟು. ಹಿಂಬದಿಯಲ್ಲಿ ನಿಲ್ಲಿಸಿದ ಗಾಳಿಹಲಗೆ ಗಾಳಿಯೊಡನೆ ದೋಣಿಯ ಕೋನ ಬದಲಾದಾಗ ಬಾಗಿ ಚುಕ್ಕಾಣಿಯನ್ನು ತಿದ್ದುತ್ತದೆ. ಗಾಳಿ ದಿಕ್ಕು ಬದಲಿಸಿದರೆ ದೋಣಿಯೂ ಅದರ ಹಿಂದೆ ಹೋಗುತ್ತದೆ, ಅದೇ ಇದರ ಮಿತಿ. ಒಬ್ಬರೇ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಎಲೆಕ್ಟ್ರಾನಿಕ್ ಆಟೊಪೈಲಟ್ ನಿಷಿದ್ಧ, ಗಾಳಿಹಲಗೆಯೊಂದೇ ಗತಿ. 2022ರಲ್ಲಿ ಹೊರಟ ಸ್ಪರ್ಧೆಯಲ್ಲಿ ಭಾರತದ ಅಭಿಲಾಷ್ ಟೋಮಿಯ ಹಲಗೆ ಮುರಿದಾಗ ಅವರು ದೋಣಿಯ ಶೌಚಾಲಯದ ಬಾಗಿಲನ್ನು ಕೊಯ್ದು ಹಲಗೆ ಮಾಡಿಕೊಂಡರು. ಬಂದದ್ದು ಎರಡನೆಯ ಸ್ಥಾನ. ನಮ್ಮ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು, ದಿಲ್ನಾ ಮತ್ತು ರೂಪಾ, ‘ತಾರಿಣಿ’ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು ಜಗತ್ತು ಸುತ್ತಿ 2025ರ ಮೇ 29ರಂದು ಮರಳಿದರು. ಇಬ್ಬರೇ ಇರುವ ದೋಣಿಯಲ್ಲಿ ಅಡುಗೆ, ರಿಪೇರಿ, ನಿದ್ದೆ ಎಲ್ಲ ಬಿಟ್ಟು ಚುಕ್ಕಾಣಿಯನ್ನೇ ಹಿಡಿದು ಕೂರಲು ಯಾರಿಗಾಗುತ್ತದೆ!

ಆದರೆ ಯಂತ್ರಕ್ಕೆ ಕಣ್ಣಿಲ್ಲ. ಅದಕ್ಕೆ ಗೊತ್ತಿರುವುದು ದಿಕ್ಸೂಚಿ, ಜಿಪಿಎಸ್ ಹೇಳಿದಷ್ಟೇ. 1995ರ ಜೂನ್‌ನಲ್ಲಿ ರಾಯಲ್ ಮೆಜೆಸ್ಟಿ ಎಂಬ ಪ್ರವಾಸಿ ಹಡಗು ಬರ್ಮುಡಾದಿಂದ ಬಾಸ್ಟನ್ ಕಡೆಗೆ ಹೊರಟಿತ್ತು. ಹೊರಟ ಸ್ವಲ್ಪ ಹೊತ್ತಿಗೆ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿಕೊಂಡಿತು. ಜಿಪಿಎಸ್ ಸುಮ್ಮನಾಗಲಿಲ್ಲ, ವೇಗ ಮತ್ತು ದಿಕ್ಕಿನಿಂದ ಸ್ಥಳವನ್ನು ಅಂದಾಜು ಮಾಡಿ ಹೇಳತೊಡಗಿತು. ಆಟೊಪೈಲಟ್ ಅದನ್ನೇ ನಂಬಿ ಶ್ರದ್ಧೆಯಿಂದ ಚುಕ್ಕಾಣಿ ತಿದ್ದುತ್ತ ಹೋಯಿತು, ಗಾಳಿ ಮತ್ತು ಪ್ರವಾಹ ಹಡಗನ್ನು ಪಕ್ಕಕ್ಕೆ ಸರಿಸುತ್ತ ಹೋದವು. ಸುಮಾರು 34 ಗಂಟೆಗಳ ನಂತರ ನ್ಯಾಂಟಕೆಟ್ ಬಳಿಯ ಮರಳದಿಬ್ಬಕ್ಕೆ ಹಡಗು ಏರಿ ನಿಂತಾಗ ಅದು ದಾರಿಯಿಂದ 17 ನಾಟಿಕಲ್ ಮೈಲು ಆಚೆಯಿತ್ತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ನೀರಿನ ಆಳ ಅಳೆಯುವ ಯಂತ್ರವೂ ಹಡಗಿನಲ್ಲಿತ್ತು, ಕೆಲಸವನ್ನೂ ಮಾಡುತ್ತಿತ್ತು. ಅದರ ಎಚ್ಚರಿಕೆಯ ಗಂಟೆಯನ್ನು ಸೊನ್ನೆ ಮೀಟರಿಗೆ ಸೆಟ್ ಮಾಡಿದ್ದರು.