ಟೂ-ಟೂದ ಅಜ್ಜ

ಮುಂಡಗೋಡದಿಂದ ಟಿಬೆಟ್ ಕಾಲೋನಿಯ ಕಡೆ ಹೊರಳಿದರೆ ಆಳೆತ್ತರದ ಗೋವಿನಜೋಳ, ಅದರಾಚೆ ಪಟಪಟಿಸುವ ಬಣ್ಣದ ಪ್ರಾರ್ಥನಾ ಬಾವುಟಗಳು. 1966ರಲ್ಲಿ ಕಾಡಿನಂಚಿನಲ್ಲಿ ನೆಲೆಯೂರಿದ ಊರಿದು. ಬಂದವರು ಮೊದಲು ಹುಡುಕುವುದು ಥುಕ್ಪಾ ಸಿಗುವ ಹೋಟೆಲ್ಲನ್ನು. ಬಟ್ಟಲು ಬರುವತನಕ ನಮ್ಮ ಟೇಬಲ್ಲಿನಲ್ಲಿ ಗೊಣಗಾಟವೋ ಗೊಣಗಾಟ: ಹುಬ್ಬಳ್ಳಿ ಬಸ್ಸಿನಲ್ಲಿ ಸೀಟಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ, ಸೆಕೆ ಬೇರೆ.

ಹೊರಗೆ ಕಟ್ಟೆಯ ಮೇಲೆ ಮುದುಕರೊಬ್ಬರು ಜಪಮಣಿ ಎಣಿಸುತ್ತ ಕೂತಿದ್ದರು. ಅಂಗಿಯ ಕಾಲರು ಸವೆದಿತ್ತು. ಬೂಟು ಮಾತ್ರ ಕನ್ನಡಿ. ಲೇಸಿನ ಎರಡು ತುದಿಗಳೂ ಅಳೆದಿಟ್ಟಂತೆ ಸಮ.

"ಅಜ್ಜಾರು ಟೂ-ಟೂದಾಗ ಇದ್ರು ರೀ," ಅಂದ ಹೋಟೆಲ್ಲಿನ ಟಿಬೆಟನ್ ಹುಡುಗ, ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ.

ಟೂ-ಟೂ ಅಂದರೆ ಎಸ್ಟಾಬ್ಲಿಷ್‌ಮೆಂಟ್ 22. ಕಾಗದದ ಮೇಲೆ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. 1962ರ ನವೆಂಬರಿನಲ್ಲಿ, ಚೀನಾ ಯುದ್ಧದ ಬಿಸಿಯಲ್ಲೇ, ದೇಶ ಕಳೆದುಕೊಂಡು ಬಂದ ಟಿಬೆಟನ್ನರನ್ನು ಸೇರಿಸಿ ಕಟ್ಟಿದ ಗುಟ್ಟಿನ ಪಡೆ. ಚಕ್ರಾತದ ಚಳಿಯಲ್ಲಿ ಅವರು ತಾಲೀಮು ಮಾಡಿದ್ದು ಎಂದಾದರೂ ತಮ್ಮ ಊರು ಬಿಡಿಸಿಕೊಳ್ಳುವ ಆಸೆಯಿಂದ. 1971ರಲ್ಲಿ ಅವರನ್ನು ಕಳಿಸಿದ್ದು ಚಿತ್ತಗಾಂಗ್ ಗುಡ್ಡಗಳಿಗೆ, ಇನ್ನೊಬ್ಬರ ದೇಶ ಬಿಡಿಸಲು. ಹೋದರು, ಕಾದಿದರು. 56 ಮಂದಿ ಸತ್ತರು. ಗುಟ್ಟು ಗುಟ್ಟಾಗಿಯೇ ಇರಬೇಕಲ್ಲ! ಶೌರ್ಯ ಪದಕ ಸಿಗಲಿಲ್ಲ. ಕೆಲವರಿಗೆ ನಗದು ಬಹುಮಾನ ಕೊಟ್ಟು ಕೈತೊಳೆದುಕೊಂಡೆವು.

ಸೀಟು ಸಿಗದ ಕಥೆ ನಮ್ಮ ಟೇಬಲ್ಲಿನಲ್ಲಿ ಅಲ್ಲಿಗೇ ನಿಂತಿತು.

2020ರ ಆಗಸ್ಟ್ ಕೊನೆಯಲ್ಲಿ ಪ್ಯಾಂಗಾಂಗ್ ಸರೋವರದ ಬಳಿ ನೆಲಬಾಂಬು ಸಿಡಿದು ಇದೇ ಪಡೆಯ ನೈಮಾ ತೆಂಜಿನ್ ತೀರಿಕೊಂಡರು. ಲೇಹ್‌ನಲ್ಲಿ ಅವರ ಶವಪೆಟ್ಟಿಗೆಯ ಮೇಲೆ ತ್ರಿವರ್ಣಧ್ವಜದ ಜತೆ ಟಿಬೆಟ್ಟಿನ ಬಾವುಟವನ್ನೂ ಹೊದಿಸಿದ್ದರು. ಇಷ್ಟು ಬಹಿರಂಗವಾಗಿ ಋಣ ಒಪ್ಪಿಕೊಳ್ಳಲು ನಮಗೆ ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ತಡವಾಯಿತು ಎನ್ನಲು ಸಂಕೋಚವೇಕೆ?

ಉಂಡೆದ್ದು ಅಜ್ಜನ ಬಳಿ ಹೋದೆವು. ಕೈಮುಗಿದರೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಯುದ್ಧದ ಸುದ್ದಿ ಕೇಳಿದ್ದಕ್ಕೆ ನಕ್ಕು ಕೈಯಾಡಿಸಿಬಿಟ್ಟರು. ಬೆಳೆ ಹೇಗಿದೆ ಎಂದು ಕೇಳಿದ್ದೇ ತಡ, ಮುಖ ಕೆಂಪಾಯಿತು. ಕಾಡುಹಂದಿ! ನಿನ್ನೆ ರಾತ್ರಿ ಅರ್ಧ ಹೊಲ ಮಗುಚಿ ಹೋಗಿವೆಯಂತೆ. ಹಿಂದಿ, ಕನ್ನಡ ಬೆರೆಸಿ ಅವುಗಳ ಜನ್ಮ ಜಾಲಾಡಿದರು. ಆಮೇಲೆ ಕೋಲು ತಗೊಂಡು ಮಣ್ಣಿನ ಮೇಲೆ ನಕ್ಷೆ ಗೀಚಿದರು: ಇಲ್ಲಿ ಹಳ್ಳ, ಇಲ್ಲಿ ಬೇಲಿ, ಇಲ್ಲಿಂದ ನುಗ್ಗಿದವು, ಇವತ್ತು ನಾನು ಕೂರುವುದು ಇಲ್ಲಿ.