ಮುಳುಗುಬಾತುಗಳ ವಂಶಾವಳಿ

ರೂಪಸಾಮ್ಯವನ್ನೇ ಬಂಧುತ್ವವೆಂದು ಬಗೆಯುವುದು ಲೋಕರೂಢಿ. ಭಾಷೆಯ ಚರಿತ್ರೆಯನ್ನು ಬಲ್ಲವರು ಇದನ್ನು ಒಪ್ಪಲಾರರು. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಅದರಲ್ಲಿ ಬರುವ 'ಪೆರ್ಬೊಳಲ್ನಾಡು' ಎಂಬ ಹೆಸರಿಗೂ ಇಂದಿನ 'ಹೆಬ್ಬಾಳ'ಕ್ಕೂ ಮೇಲುನೋಟಕ್ಕೆ ನಂಟು ಕಾಣದು. ಪಕಾರವು ಹಕಾರವಾದ ಬಗೆಯನ್ನು ಅರಿತ ವಿದ್ವಾಂಸರಿಗೆ ಅದು ಹೊಳೆಯುತ್ತದೆ. ಇನ್ನೊಂದೆಡೆ, ವೀರನೆಂಬರ್ಥದ ಕನ್ನಡದ 'ಕಲಿ'ಗೂ ಯುಗದ ಹೆಸರಾದ ಸಂಸ್ಕೃತದ 'ಕಲಿ'ಗೂ ಉಚ್ಚಾರಣೆ ಒಂದೇ, ಮೂಲ ಬೇರೆ. ಅದೇ ಹೆಬ್ಬಾಳದ ಕೆರೆಯಲ್ಲಿ ಈಜುವ ಹಕ್ಕಿಗಳ ವಿಚಾರದಲ್ಲಿಯೂ ಶಾಸ್ತ್ರಜ್ಞರು ಎದುರಿಸಿದ ತೊಡಕು ಇದೇ.

ಬಾತುಗಳಲ್ಲಿ ಮೇವಿನ ರೀತಿಯಿಂದ ಮುಖ್ಯವಾಗಿ ಎರಡು ಪಂಗಡಗಳುಂಟು. ಚುಕ್ಕೆಕೊಕ್ಕಿನ ಬಾತು ತಲೆಯನ್ನು ನೀರಿಗಿಟ್ಟು ಬಾಲವನ್ನು ಮೇಲೆತ್ತಿ ಮೇಯುತ್ತದೆ. ಬೆದರಿದರೆ ನೀರಿನಿಂದ ನೆಟ್ಟಗೆ ಚಿಮ್ಮುತ್ತದೆ. ಚಳಿಗಾಲದಲ್ಲಿ ಉತ್ತರದಿಂದ ನಮ್ಮ ನಾಡಿಗೆ ವಲಸೆ ಬರುವ ಕೆಂದಲೆಯ ಪೋಚಾರ್ಡ್ ಹಾಗಲ್ಲ. ಅದು ಸಂಪೂರ್ಣವಾಗಿ ಮುಳುಗಿ ತಳದ ಆಹಾರವನ್ನು ಅರಸುತ್ತದೆ. ಅದರ ಕಾಲುಗಳು ದೇಹದ ಹಿಂಭಾಗಕ್ಕೆ ಸರಿದಿವೆ. ಪಾದ ಅಗಲ, ಹಿಂಬೆರಳಿಗೆ ಚಪ್ಪಟೆಯಾದ ಹಾಳೆ. ಆದುದರಿಂದಲೇ ನೆಲದ ಮೇಲೆ ಅದರ ನಡಿಗೆ ತಡವರಿಕೆಯದು. ಹಾರಬೇಕಾದರೆ ನೀರಿನ ಮೇಲೆ ಓಡಿ ಏಳಬೇಕು.

ಆದರೆ ಮುಳುಗುವ ವಿದ್ಯೆ ಒಂದೇ ಕುಲದ ಸೊತ್ತಲ್ಲ. ಪೋಚಾರ್ಡುಗಳು, ಕಡಲ ಬಾತುಗಳು, ಸೆಟೆದ ಬಾಲದ ಬಾತುಗಳು, ಈ ಮೂರು ಕವಲುಗಳೂ ಅದನ್ನು ಬೇರೆ ಬೇರೆಯಾಗಿ ರೂಢಿಸಿಕೊಂಡಿವೆ. ನಮ್ಮ ಕೆರೆಗಳ ಗುಳುಮುಳುಕವನ್ನು ಪುಟ್ಟ ಬಾತೆಂದೇ ಹಲವರು ತಿಳಿಯುತ್ತಾರೆ. ಅದು ಬಾತೇ ಅಲ್ಲ. ಅದರ ಅತಿ ಹತ್ತಿರದ ಬಂಧು ಉದ್ದಕಾಲಿನ ರಾಜಹಂಸವೆಂದು ತಳಿಪರೀಕ್ಷೆ ತೋರಿಸಿಕೊಟ್ಟಿದೆ!

1945ರಲ್ಲಿ ಡೆಲಕೂರ್ ಮತ್ತು ಮೇಯರ್ ಎಂಬ ವಿದ್ವಾಂಸರು ಬಾತುಗಳನ್ನು ಹೊಸದಾಗಿ ವಿಂಗಡಿಸಿದರು. ಅವರ ಕ್ರಮದಲ್ಲಿ ಪೋಚಾರ್ಡುಗಳದು ಒಂದು ಗಣ. ಮರದ ಮೇಲೆ ಕೂರುವ ಬಾತುಗಳದು ಇನ್ನೊಂದು. ಮುಂದೆ ತಳಿಪರೀಕ್ಷೆ ಬಂದು ಈ ಎರಡನೆಯ ಗಣ ಚದುರಿಹೋಯಿತು. ಅದರಲ್ಲಿ ಸೇರಿದ್ದ ಅಸ್ಸಾಮಿನ ಕಾಡುಗಳ ಬಿಳಿರೆಕ್ಕೆಯ ಬಾತು ಪೋಚಾರ್ಡುಗಳ ನೆಂಟನೆಂದು ತಿಳಿದುಬಂದಿತು.

ಇನ್ನು ಪಳೆಯುಳಿಕೆಗಳ ಸಾಕ್ಷ್ಯ. ಬೆಂಗಳೂರಿನ ಬಂಡೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅವುಗಳಲ್ಲಿ ಹಕ್ಕಿಯ ಎಲುಬನ್ನು ಹುಡುಕುವುದು ವ್ಯರ್ಥ. ಹೊರನಾಡುಗಳಲ್ಲಿಯೂ ದೊರೆಯುವುದು ಬಹುಮಟ್ಟಿಗೆ ಬಿಡಿ ಎಲುಬುಗಳೇ. ಫ್ರಾನ್ಸಿನಲ್ಲಿ ದೊರೆತ ಮಯೊಸೀನ್ ಯುಗದ ಬಾತೊಂದನ್ನು 19ನೆಯ ಶತಮಾನದಲ್ಲಿ ಇಂದಿನ ಮೇಲ್ಮೇಯುವ ಬಾತುಗಳ ಕುಲಕ್ಕೇ ಸೇರಿಸಿದ್ದರು. 1988ರಲ್ಲಿ ಲಿವ್ಜಿ ಮತ್ತು ಮಾರ್ಟಿನ್ ಅದನ್ನು ಮತ್ತೆ ಪರೀಕ್ಷಿಸಿ, ಇದು ಹಳೆಯ ಬೇರೊಂದು ಕವಲೆಂದು ನಿರ್ಣಯಿಸಿ 'ಮಯೊನೆಟ್ಟ' ಎಂದು ಹೆಸರಿಟ್ಟರು. ನ್ಯೂಜಿಲೆಂಡಿನ ಸೇಂಟ್ ಬಾಥನ್ಸಿನಲ್ಲಿ ಒಂದೂವರೆ ಕೋಟಿ ವರ್ಷಗಳಿಗೂ ಹಿಂದೆ ವಿಶಾಲವಾದ ಸರೋವರವಿದ್ದಿತು. ಅದರ ಕೆಸರಿನಿಂದ ಬಂದ ಮುಳುಗುಬಾತುಗಳ ಎಲುಬುಗಳನ್ನು 2007ರಲ್ಲಿ ವರ್ಣಿಸಲಾಯಿತು; ಅವು ಸೆಟೆದ ಬಾಲದವುಗಳ ಕಡೆಯವೆಂದು ಎಣಿಸಿದರು. ಸರೋವರ ಇಂದಿಲ್ಲ, ಕೆಸರು ಮಾತ್ರ ತನ್ನ ಲೆಕ್ಕವನ್ನು ಕಾಪಾಡಿಕೊಂಡಿದೆ.

ಕುಲವನ್ನು ತಿಳಿಯುವುದರಿಂದ ಆಗುವುದೇನು ಎಂದು ವಾಚಕರು ಕೇಳಬಹುದು. ಗಂಗೆಯ ಬಯಲಿನ ಜೌಗುಗಳಲ್ಲಿದ್ದ ಗುಲಾಬಿತಲೆಯ ಬಾತಿನ ಕತೆಯೇ ಇದಕ್ಕೆ ಉತ್ತರ. ಅದನ್ನು ಎಲ್ಲಿಗೆ ಸೇರಿಸಬೇಕೆಂಬ ಚರ್ಚೆ ಬಹುಕಾಲ ನಡೆಯಿತು. ವಸ್ತುಸಂಗ್ರಹಾಲಯದ ಚರ್ಮದಿಂದ ಪಡೆದ ತಳಿದ್ರವ್ಯ ಅದನ್ನು ಪೋಚಾರ್ಡುಗಳ ಬಳಗದಲ್ಲಿ ನಿಲ್ಲಿಸಿತು. ಆದರೆ 1949ರ ಬಳಿಕ ಆ ಹಕ್ಕಿಯನ್ನು ಕಾಡಿನಲ್ಲಿ ಖಚಿತವಾಗಿ ಕಂಡವರಿಲ್ಲ. ಬಂಧುಗಳು ಯಾರೆಂಬುದು ತಿಳಿಯುವ ವೇಳೆಗೆ ಹಕ್ಕಿಯೇ ಮರೆಯಾಗಿತ್ತು.

ಕೆಂದಲೆಯ ಪೋಚಾರ್ಡನ್ನೂ 2015ರಲ್ಲಿ ಅಪಾಯಕ್ಕೊಳಗಾಗಬಲ್ಲ ಹಕ್ಕಿಗಳ ಪಟ್ಟಿಗೆ ಸೇರಿಸಲಾಗಿದೆ. ಮುಳುಗುವ ಹಕ್ಕಿಗೆ ಆಳವಾದ ನೀರು ಬೇಕು, ಓಡಿ ಏಳುವುದಕ್ಕೆ ತೆರವಾದ ಹರವು ಬೇಕು. ಹೂಳು ತುಂಬಿ, ಅಂತರಗಂಗೆ ಹಬ್ಬಿದ ಕೆರೆ ದಡದಲ್ಲಿ ನಿಂತವರಿಗೆ ಹಸುರಾಗಿ ಕಂಡೀತು. ಪೋಚಾರ್ಡಿಗೆ ಅದು ಕೆರೆಯೇ ಅಲ್ಲ. ಹೆಬ್ಬಾಳ, ಯಲಹಂಕ, ಜಕ್ಕೂರುಗಳ ಕೆರೆಗಳನ್ನು ಉಳಿಸುವವರು ಅಂಚಿನ ಕಾಲುದಾರಿಯನ್ನಷ್ಟೇ ಅಲ್ಲ, ನೀರಿನ ಆಳವನ್ನೂ ಗಮನಿಸಬೇಕು.