ಸಿಇಟಿ, ನೀಟ್‌ಗೆ ಹಳೆ ಗೈಡ್ ಸಾಕೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಪಿಯುಸಿ ತರಗತಿ ಶುರುವಾದರೆ ಸಾಕು, ‘ಇದೊಂದು ಪಿಡಿಎಫ್ ಓದಿದರೆ ಸಿಇಟಿ ಪಾಸ್’, ‘ಕಾಲೇಜಿನ ಪುಸ್ತಕದಿಂದ ರ‍್ಯಾಂಕ್ ಬರಲ್ಲ’ ಎಂಬಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡತೊಡಗುತ್ತವೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಮನೆಯಲ್ಲಿ ಸೀನಿಯರ್ ಕೊಟ್ಟ ಹಳೆ ಗೈಡ್ ಇರಬಹುದು, ಸಿರುಗುಪ್ಪದ ಇನ್ನೊಂದು ಮನೆಯಲ್ಲಿ ಸಾಲ ಮಾಡಿ ತಂದ ಕೋಚಿಂಗ್ ಪುಸ್ತಕಗಳಿರಬಹುದು. ಎರಡಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದು ಈಗಿನ ಪಠ್ಯಕ್ರಮದ್ದೇ?

ನಂಬಿಕೆ 1: ಪುಸ್ತಕ ಹಳೆಯದಾದರೇನು, ವಿಷಯ ಒಂದೇ ಅಲ್ಲವೇ?

ಅಲ್ಲ. ಎನ್‌ಸಿಇಆರ್‌ಟಿ ತನ್ನ ಪಠ್ಯವನ್ನು ಕಡಿತಗೊಳಿಸಿದ ಮೇಲೆ 2023-24ರಿಂದ ನಮ್ಮ ಪಿಯು ಪಠ್ಯವೂ ಕಡಿಮೆಯಾಯಿತು. ರಸಾಯನಶಾಸ್ತ್ರದ ಘನಸ್ಥಿತಿ, ಪಾಲಿಮರ್‌ಗಳಂಥ ಅಧ್ಯಾಯಗಳು ಹೋದವು. ಹಳೆ ಗೈಡಿನಲ್ಲಿ ಅವು ಹಾಗೆಯೇ ಇವೆ. ಓದಿದರೆ ಸಮಯ ವ್ಯರ್ಥ.

ಪ್ರಶ್ನೆಪತ್ರಿಕೆಯಲ್ಲೂ ಈ ಗೊಂದಲ ಆಗಿದೆ. 2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದವು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಕೊನೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಾಲ್ಕು ವಿಷಯಗಳ 240 ಪ್ರಶ್ನೆಗಳ ಪೈಕಿ 50ನ್ನು ಮೌಲ್ಯಮಾಪನದಿಂದ ಕೈಬಿಟ್ಟಿತು. ಹಾಗಾಗಿ ‘ಹತ್ತು ವರ್ಷದ ಪ್ರಶ್ನೆಪತ್ರಿಕೆ’ ಬಿಡಿಸುವಾಗಲೂ ಈಗಿನ ಪಠ್ಯದಲ್ಲಿಲ್ಲದವನ್ನು ಮೊದಲು ಗೀಟು ಹಾಕಿ ತೆಗೆಯಿರಿ. ಉಳಿದದ್ದನ್ನು ಧಾರಾಳವಾಗಿ ಬಳಸಿ.

ನಂಬಿಕೆ 2: ಪಠ್ಯಪುಸ್ತಕ ಸಾಲದು

ಸಿಇಟಿ ಪ್ರಶ್ನೆಗಳಿಗೆ ಪ್ರಥಮ ಮತ್ತು ದ್ವಿತೀಯ ಪಿಯು ಪಠ್ಯವೇ ಆಧಾರ. ಮೊದಲು ಅದು ಗಟ್ಟಿಯಾಗಬೇಕು. ಅಲ್ಲದೆ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯು ಅಂಕಕ್ಕೂ ಸಿಇಟಿ ಅಂಕಕ್ಕೂ ಅರ್ಧರ್ಧ ತೂಕ. ಪಠ್ಯಪುಸ್ತಕ ಬದಿಗಿಟ್ಟರೆ ಎರಡೂ ಕಡೆ ನಷ್ಟ. ಗೈಡ್ ಇರುವುದು ಅಭ್ಯಾಸಕ್ಕೆ.

ನಂಬಿಕೆ 3: ಒಂದೇ ಪುಸ್ತಕ ಸಿಇಟಿಗೂ ನೀಟ್‌ಗೂ ಆಗುತ್ತದೆ

ಭಾಗಶಃ ನಿಜ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 2025ರ ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಕಡಿತ. ಹೀಗಾಗಿ ಅಭ್ಯಾಸದ ಪತ್ರಿಕೆಗಳು ಬೇರೆ ಬೇರೆ ಇರಬೇಕು. ಪಠ್ಯಕ್ರಮದಲ್ಲೂ ಸಣ್ಣ ವ್ಯತ್ಯಾಸವಿದೆ. ಎನ್‌ಸಿಇಆರ್‌ಟಿಯ 12ನೇ ತರಗತಿ ಪುಸ್ತಕದಿಂದ ಪಿ-ಬ್ಲಾಕ್ ಧಾತುಗಳ ಅಧ್ಯಾಯ ಹೋದರೂ 2024ರ ನೀಟ್ ಪಠ್ಯಕ್ರಮದಲ್ಲಿ ಅದು ಉಳಿದಿತ್ತು.

ಹಾಗಾದರೆ ಏನು ಮಾಡಬೇಕು?

• ಬರೆಯುವ ವರ್ಷದ ಪಠ್ಯಕ್ರಮದ ಪಟ್ಟಿಯನ್ನು ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ.
• ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ಜಾಲತಾಣದಲ್ಲಿ ಉಚಿತ. ಸಿಇಟಿಯ ಹಳೆ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹುಡುಕಿ. ಇವಕ್ಕೆ ದುಡ್ಡು ಕೊಡಬೇಡಿ.
• ಗೈಡ್ ಕೊಳ್ಳುವ ಮುನ್ನ ಪರಿವಿಡಿಯನ್ನು ಆ ಪಟ್ಟಿಗೆ ಹೋಲಿಸಿ. ವಿಷಯಕ್ಕೊಂದು ಸಾಕು, ಮೂರು ಕೊಂಡು ಅರ್ಧರ್ಧ ಓದುವುದಕ್ಕಿಂತ ಒಂದನ್ನು ಎರಡು ಸಲ ಬಿಡಿಸುವುದು ಮೇಲು.

ಮುಂದಿನ ಸಲ ‘ಸಿಇಟಿ ಮೆಟೀರಿಯಲ್’ ಗ್ರೂಪಿಗೆ ಬಂದರೆ ಅದು ಯಾವ ವರ್ಷದ್ದು ಎಂದು ನೋಡಿ. ವರ್ಷವೇ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.